ತೆಂಗಿನ ಕೆಂಪು ಮೂತಿ ಹುಳು: ಪತ್ತೆ ಕಾರ್ಯ ಊರಿನ ಮಟ್ಟದಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ಹಾವೇರಿ ಜಿಲ್ಲೆಯ ಹಾನಗಲ್ಲ, ಹಿರೇಕೆರೂರ ಭಾಗದಲ್ಲಿ ಅಡಿಕೆಯ ಜೊತೆಗೆ ತೆಂಗು ಬೆಳೆಯುವ ನಮ್ಮಂಥವರಿಗೆ ಬಿಳಿ ನೊಣ, ಕಪ್ಪು ತಲೆ ಹುಳುಗಳ ಬಾಧೆ ಗರಿ ನೋಡಿದರೇ ತಿಳಿಯುತ್ತದೆ. ಕೆಂಪು ಮೂತಿ ಹುಳು ಹಾಗಲ್ಲ. ಕಾಂಡದ ಗಾಯದಲ್ಲೋ, ರೈನೋಸರಸ್ ದುಂಬಿ ಕೊರೆದ ಸುಳಿಯಲ್ಲೋ ಇಟ್ಟ ಮೊಟ್ಟೆಗಳು ಕೆಲವೇ ದಿನಗಳಲ್ಲಿ ಒಡೆದು, ಮರಿಹುಳುಗಳು ತಿಂಗಳುಗಟ್ಟಲೆ ಒಳಗಿನ ತಿರುಳನ್ನೇ ತಿಂದು, ಅಲ್ಲೇ ನಾರಿನ ಗೂಡು ಕಟ್ಟಿಕೊಂಡು ದುಂಬಿಗಳಾಗುತ್ತವೆ. ನಡುವಿನ ಎಳೆಗರಿ ಬಾಡಿದ್ದು ನೆಲದಿಂದ ಕಾಣುವ ಹೊತ್ತಿಗೆ ಮರ ಸಾಮಾನ್ಯವಾಗಿ ಕೈತಪ್ಪಿರುತ್ತದೆ.

ಅದಕ್ಕೂ ಮೊದಲು ಸಣ್ಣ ರಂಧ್ರ, ಸೋರುವ ಕಂದು ರಸ, ಅಗಿದು ಹೊರದಬ್ಬಿದ ನಾರು, ಕಾಂಡಕ್ಕೆ ಕಿವಿಯಿಟ್ಟರೆ ಕೇಳುವ ಕರಕರ ಸದ್ದು ಇವೆಲ್ಲ ಸುಳಿವು ಕೊಡುತ್ತವೆ. ಸೌದಿ ಅರೇಬಿಯಾದಲ್ಲಿ ಖರ್ಜೂರದ ಮರಗಳಿಗೆ ಆಪ್ಟಿಕಲ್ ಫೈಬರ್ ಸುತ್ತಿ ಈ ಸದ್ದನ್ನೇ ಹಿಡಿಯುವ ಸಂಶೋಧನೆ ನಡೆದಿದೆ. ನಮಗೆ ಸದ್ಯ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಕಾಯಿ ಕೀಳಲು ಮರ ಹತ್ತುವವರೇ ಸುಳಿಯನ್ನು ಮೊದಲು ಹತ್ತಿರದಿಂದ ನೋಡುವವರು. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ಮರ ಹತ್ತುವವರಿಗೆ ಸಸ್ಯ ಸಂರಕ್ಷಣೆಯನ್ನೂ ಸೇರಿಸಿ ತರಬೇತಿ ಕೊಡುತ್ತಿದ್ದು, ನಮ್ಮ ತಾಲ್ಲೂಕುಗಳಲ್ಲಿ ಅಂಥ ತರಬೇತಿ ಪಡೆದವರಿಗೆ ಮರದ ಲೆಕ್ಕದಲ್ಲಿ ತಪಾಸಣೆಯ ಕೂಲಿಯನ್ನೂ ಕೊಡಿಸುವ ಏರ್ಪಾಡಾದರೆ ಈ ಕೆಲಸ ನಿಲ್ಲದೆ ನಡೆದೀತು.

ಎರಡನೆಯ ಉಪಾಯ ಮೋಹಕ ಬಲೆ, ಅಂದರೆ ವಾಸನೆಯಿಂದ ದುಂಬಿಗಳನ್ನು ಸೆಳೆದು ಹಿಡಿಯುವ ಬಕೆಟ್. ಗಂಡು ದುಂಬಿ ಸೂಸುವ ವಾಸನೆಯನ್ನು ಹೋಲುವ ಇದರ ರಾಸಾಯನಿಕಕ್ಕೆ ಗಂಡು, ಹೆಣ್ಣು ಎರಡೂ ಬರುತ್ತವೆ. ಒಬ್ಬನೇ ರೈತ ತನ್ನ ಎಳೆಯ ಮರಗಳ ನಡುವೆ ಇದನ್ನು ತೂಗುಹಾಕಿದರೆ ಸುತ್ತಲಿನ ಹುಳುಗಳನ್ನು ಅವನೇ ಕರೆದು ತಂದುಕೊಂಡಂತಾದೀತು. ಒಳಗಿನ ನೀರು ಮತ್ತು ಹುದುಗು ಬರುವ ಆಹಾರವನ್ನು ಆಗಾಗ ಬದಲಿಸದ ಬಲೆಯಂತೂ ಬರೀ ಬಕೆಟ್. ಆದ್ದರಿಂದ ಹೆಕ್ಟೇರಿಗೊಂದರಂತೆ ಇಡೀ ಊರಿನ ತೋಟಗಳಲ್ಲಿ ಒಟ್ಟಿಗೆ ಹಾಕಿ, ಸಿಕ್ಕ ದುಂಬಿಗಳ ಲೆಕ್ಕವನ್ನು ಗ್ರಾಮ ಪಂಚಾಯಿತಿಯಲ್ಲಿ ಬರೆದಿಟ್ಟರೆ, ಯಾವ ಮಗ್ಗುಲಲ್ಲಿ ಹಾವಳಿ ಏರುತ್ತಿದೆಯೆಂದು ಮೊದಲೇ ಗೊತ್ತಾಗುತ್ತದೆ.

ಸತ್ತ ಮರವನ್ನು ಕಡಿದು ಬದುವಿನಲ್ಲೇ ಬಿಡುವ ರೂಢಿಯೂ ನಮ್ಮಲ್ಲಿದೆ. ಅದನ್ನು ಸೀಳಿ ಸುಡದಿದ್ದರೆ ಒಳಗಿನ ದುಂಬಿಗಳು ಪಕ್ಕದ ತೋಟಕ್ಕೆ ಹಾರುತ್ತವೆ. ಗಿಡ ನೆಡಲು, ಹನಿ ನೀರಾವರಿಗೆ ಸಹಾಯಧನ ಕೊಡುವ ತೋಟಗಾರಿಕೆ ಇಲಾಖೆಯು ಬಲೆಗಳಿಗೂ, ಇಂಥ ಮರಗಳ ವಿಲೇವಾರಿಗೂ ಊರನ್ನೇ ಒಂದು ಘಟಕವೆಂದು ಹಿಡಿದು ನೆರವು ನೀಡಬೇಕೆಂದು, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಇದಕ್ಕೆ ಮಾರ್ಗದರ್ಶನ ಮಾಡಬೇಕೆಂದು ವಿನಂತಿಸುತ್ತೇನೆ.

– ತೆಂಗು ಬೆಳೆಗಾರ, ಹಾನಗಲ್ಲ ತಾಲ್ಲೂಕು