ಶಿರಸಿಗೆ ಗುಲಗಂಜಿ ಹುಳ ಸಾಕಲು ಎರಡು ಕೋಣೆ ಕೊಡಿ

ಶಿರಸಿ–ಸಿದ್ದಾಪುರ ಕ್ಷೇತ್ರದ ಮಾನ್ಯ ಶಾಸಕರಿಗೆ, ನಮಸ್ಕಾರ.

ಲಿಂಬೆ, ಕಂಚಿ, ಚಕ್ಕೋತಕ್ಕೆ ರಸ ಹೀರುವ ಹಿಟ್ಟುತಿಗಣೆ ಬಿತ್ತೆಂದರೆ ನಮ್ಮಲ್ಲಿ ಮೊದಲು ಹೆಗಲೇರುವುದು ಔಷಧದ ಪಂಪು. ತಿಗಣೆಯ ಮೈಮೇಲೆ ಮೇಣದ ಹುಡಿ, ಮೊಟ್ಟೆಗೆ ಹತ್ತಿಯಂಥ ಚೀಲ. ಔಷಧ ಒಳಗೆ ಸರಿಯಾಗಿ ಇಳಿಯುವುದೇ ಇಲ್ಲ. ಸಾಯುವುದು ತಿಗಣೆಯನ್ನು ತಿನ್ನುವ ಹುಳ.

ಆ ಹುಳ ನಮಗೆ ಹೊಸದಲ್ಲ. ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳವನ್ನು ಆಸ್ಟ್ರೇಲಿಯಾದಿಂದ 1898ರಲ್ಲೇ ಭಾರತಕ್ಕೆ ತಂದರು. ತಂದದ್ದು ಕಾಫಿಯ ಹಸಿರು ಶಲ್ಕ ಕೀಟಕ್ಕೆ, ಒಗ್ಗಿದ್ದು ಹಿಟ್ಟುತಿಗಣೆಗೆ. ಗಿಡಕ್ಕೆ 10 ಹುಳ, ಸಂಜೆ ತಂಪಿನಲ್ಲಿ, ತಿಗಣೆ ಇರುವ ಟೊಂಗೆಯ ಮೇಲೇ ಬಿಡಬೇಕು. ತಿಗಣೆ ಇಲ್ಲದ ಗಿಡದಲ್ಲಿ ಅದು ನಿಲ್ಲುವುದಿಲ್ಲ.

ಕೆಡುವುದು ಎರಡು ಕಡೆ. ಒಂದು, ಇದರ ಮರಿಹುಳವೂ ಬಿಳಿ ಮೇಣ ಹೊದ್ದು ತಿಗಣೆಯಂತೆಯೇ ಕಾಣುತ್ತದೆ. ತಿಗಣೆ ಹೆಚ್ಚಿತೆಂದು ಹೆದರಿ ಔಷಧ ಹೊಡೆದರೆ ಕೆಲಸ ಮಾಡುತ್ತಿದ್ದವನನ್ನೇ ಕೊಂದಂತೆ. ಕಡ್ಡಿ ತಾಗಿಸಿ ನೋಡಿ: ಮರಿಹುಳ ಚುರುಕಾಗಿ ಓಡುತ್ತದೆ, ತಿಗಣೆ ಮಿಸುಕಾಡಿದರೆ ಹೆಚ್ಚು. ಇನ್ನೊಂದು, ಇರುವೆ. ಚಗಳಿ ಎಂಬ ಕೆಂಪಿರುವೆ, ಎಲೆ ತಿನ್ನುವ ಹುಳಗಳನ್ನು ಹಿಡಿಯುತ್ತದೆ, ಅದನ್ನು ವೈರಿ ಎನ್ನಲು ಮನಸ್ಸಾಗದು. ಆದರೆ ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಆ ತಿಗಣೆಯನ್ನು ದನ ಕಾಯ್ದಂತೆ ಕಾಯುತ್ತದೆ, ಗುಲಗಂಜಿ ಹುಳವನ್ನು ಓಡಿಸುತ್ತದೆ. ಹುಳ ಬಿಡುವ ಮೊದಲು ನೆಲಕ್ಕೆ, ಪಕ್ಕದ ಮರಕ್ಕೆ ತಾಗುವ ಟೊಂಗೆ ಸವರಿ, ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಪಟ್ಟಿಯ ಮೇಲೆ ಗ್ರೀಸ್ ಹಚ್ಚಬೇಕು. ತೊಗಟೆಗೇ ಹಚ್ಚಿದರೆ ತೊಗಟೆ ಹಾಳು.

ಸಾಕುವುದು ದೊಡ್ಡ ಕಾರ್ಖಾನೆಯ ಕೆಲಸವಲ್ಲ. ಏಣು ಇರುವ, ಒಂದೂವರೆ-ಎರಡು ಕಿಲೋದ ಸಿಹಿಗುಂಬಳ ತೊಳೆದು, ಗಾಯಕ್ಕೆ ಮೇಣ ಮೆತ್ತಿ, ತಿಗಣೆ ಹತ್ತಿಸಬೇಕು. 15-20 ದಿನಕ್ಕೆ ಕಾಯಿ ಬೆಳ್ಳಗಾಗುತ್ತದೆ. ಆಗ ಪೆಟ್ಟಿಗೆಯಲ್ಲಿಟ್ಟು 100 ಹುಳವನ್ನು 24 ಗಂಟೆ ಬಿಟ್ಟು ತೆಗೆದರೆ, ತಿಂಗಳ ಮೇಲೆ ಒಂದು ಕಾಯಿಯಿಂದ ಸುಮಾರು 175 ಹೊಸ ಹುಳ. 100 ಗಿಡದ ತೋಟಕ್ಕೆ ಆರೇಳು ಕುಂಬಳ ಸಾಕು! ತಿಗಣೆ ಬೆಳೆಸುವ ಕೋಣೆ ಮಾತ್ರ ಬೇರೆಯೇ ಇರಬೇಕು. ಅಲ್ಲಿಗೆ ನಾಲ್ಕು ಗುಲಗಂಜಿ ಹುಳ ನುಸುಳಿದರೂ ತಿಗಣೆಯ ಬೀಜ ಉಳಿಯುವುದಿಲ್ಲ. ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿರಲಿ, ಇರುವೆ ಹತ್ತದಂತೆ.

ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಶಿರಸಿಯಲ್ಲೇ ಇವೆ. ನಾವು ಕೇಳುವುದು ಎರಡು ಕೋಣೆ, ತರಬೇತಾದ ಇಬ್ಬರು, ವರ್ಷಪೂರ್ತಿ ಕುಂಬಳಕಾಯಿಗೆ ಹಣ. ತಾಯಿಹುಳ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋವನ್ನು ಕೇಳಿ ತರಬಹುದು. ಕಾಯಿಗೆ ತಿಗಣೆ ಹತ್ತಿಸಿ ಹುಳ ಹೊರಬಂದು ಬಲಿಯಲು ಎರಡು ತಿಂಗಳು ಬೇಕು. ಜನವರಿಯಲ್ಲಿ ತೋಟಕ್ಕೆ ಬಿಡಬೇಕಾದರೆ ಕೋಣೆ ಅಕ್ಟೋಬರ್ ಒಳಗೆ ಸಿದ್ಧವಾಗಲಿ.

ಇಂತಿ,
ಶಿರಸಿ ಸೀಮೆಯ ಲಿಂಬೆ, ಕಂಚಿ ಬೆಳೆಗಾರರು