ಪೆಟ್ ಸ್ಕ್ಯಾನ್ ಎಲ್ಲ ತಲೆಪೆಟ್ಟಿಗೂ ಬೇಡ

ಸಂಪಾದಕರಿಗೆ ನಮಸ್ಕಾರ.

ತಲೆಗೆ ಪೆಟ್ಟು ಬಿದ್ದವರ ಸಿಟಿ ಸ್ಕ್ಯಾನ್ ನಾರ್ಮಲ್ ಬಂದರೂ 'ಅಡಗಿದ ಪೆಟ್ಟನ್ನು' ಪೆಟ್ (PET) ಸ್ಕ್ಯಾನ್ ಹಿಡಿದುಕೊಡುತ್ತದೆ ಎಂಬ ಲೇಖನ ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದಿತ್ತು. ಓದಿ ಖುಷಿಯಾಯಿತು, ಜೊತೆಗೆ ಗಾಬರಿಯೂ ಆಯಿತು. ನಾನು ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ವಿಭಾಗದ ಟೆಕ್ನಿಷಿಯನ್. ಆ ಲೇಖನದ ಕಟಿಂಗ್ ಹಿಡಿದುಕೊಂಡು 'ನಮ್ಮ ಹುಡುಗನಿಗೂ ಮಾಡಿಬಿಡಿ' ಎಂದು ಕೇಳುವವರು ಈಗಾಗಲೇ ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ಬೇಕಿಲ್ಲ. ಬೇಕಾದವರಿಗೆ ಅದರ ಸುದ್ದಿಯೇ ಗೊತ್ತಿಲ್ಲ.

ಲೇಖನ ಹೇಳಿದ ಮೂಲ ವಿಷಯ ಸರಿ. ಸಿಟಿ ತೋರಿಸುವುದು ಆಕಾರವನ್ನು. ಮೂಳೆ ಮುರಿದಿದೆಯಾ, ಒಳಗೆ ರಕ್ತ ಸೋರಿದೆಯಾ, ಬಾವು ಬಂದಿದೆಯಾ ಅಂತ. ತಕ್ಷಣ ಆಪರೇಷನ್ ಬೇಕೋ ಬೇಡವೋ ಎಂದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುವುದು ಅದರಿಂದಲೇ. ಆದರೆ ಮೆದುಳಿನ ಸಣ್ಣ ಎಳೆಗಳು ಹರಿದಿದ್ದರೆ, ಜೀವಕೋಶಗಳು ದಣಿದಿದ್ದರೆ ಸಿಟಿಗೆ ಕಾಣದೇ ಹೋಗಬಹುದು. ಪೆಟ್ ನೋಡುವುದು ಮೆದುಳಿನ ಕೆಲಸವನ್ನು. ನಮ್ಮ ತೂಕದಲ್ಲಿ ಮೆದುಳಿನ ಪಾಲು ಸುಮಾರು 2%, ಆದರೆ ದೇಹದ ಶಕ್ತಿಯಲ್ಲಿ ಅದು ಖರ್ಚು ಮಾಡುವುದು ಸುಮಾರು 20%. ಈ ಶಕ್ತಿ ಮುಖ್ಯವಾಗಿ ಗ್ಲೂಕೋಸ್‌ನಿಂದ ಬರುತ್ತದೆ. ಗ್ಲೂಕೋಸ್‌ನಂತೆಯೇ ಇರುವ, ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ ಎಫ್‌ಡಿಜಿ ಎಂಬ ಔಷಧವನ್ನು ನಾವು ಇಂಜೆಕ್ಷನ್ ಕೊಡುತ್ತೇವೆ. ಜೀವಕೋಶ ಅದನ್ನು ಸಕ್ಕರೆ ಎಂದೇ ಒಳಗೆ ಎಳೆದುಕೊಳ್ಳುತ್ತದೆ. ಅರಗಿಸಿಕೊಳ್ಳಲು ಆಗದೆ ಅದು ಅಲ್ಲೇ ಉಳಿಯುತ್ತದೆ. ಎಲ್ಲಿ ಜಾಸ್ತಿ ಉಳಿದಿದೆಯೋ ಅಲ್ಲಿ ಕೆಲಸ ಜಾಸ್ತಿ ನಡೆದಿದೆ ಎಂದು ಲೆಕ್ಕ. ಇವತ್ತು ಪೆಟ್ ಅಂದರೆ ಜನ ಕ್ಯಾನ್ಸರ್ ಅಂದುಕೊಳ್ಳುತ್ತಾರೆ. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಎಫ್‌ಡಿಜಿ ಕೊಟ್ಟಾಗ ಅಲ್ಲಿನ ವಿಜ್ಞಾನಿಗಳು ನೋಡಲು ಹೊರಟಿದ್ದು ಮೆದುಳನ್ನೇ.

ಲೇಖನದಲ್ಲಿ ಬಾರದ ವಿಷಯ ಇನ್ನು ಮುಂದಿನದು. ಪೆಟ್ ಚಿತ್ರದಲ್ಲಿ ಒಂದು ಭಾಗ ಮಂಕಾಗಿ ಕಂಡರೆ ಅಲ್ಲಿ ಸಕ್ಕರೆ ಕಡಿಮೆ ಖರ್ಚಾಗಿದೆ ಎಂದಷ್ಟೇ ಅರ್ಥ. ಯಾಕೆ ಕಡಿಮೆ ಎಂದು ಚಿತ್ರ ಹೇಳುವುದಿಲ್ಲ. ಒಂದು ಮನೆಯ ಕರೆಂಟ್ ಬಿಲ್ ಕಡಿಮೆ ಬಂದರೆ ವೈರಿಂಗ್ ಸುಟ್ಟಿರಬಹುದು, ಮನೆಯವರು ಊರಿಗೂ ಹೋಗಿರಬಹುದು, ಅಲ್ವಾ? ಖಿನ್ನತೆ ಇದ್ದರೂ ಮೆದುಳಿನ ಕೆಲವು ಭಾಗ ಮಂಕಾಗಿ ಕಾಣಬಹುದು. ನಿದ್ದೆಗೆಟ್ಟರೂ ವ್ಯತ್ಯಾಸ ಆಗುತ್ತದೆ. ತಲೆಪೆಟ್ಟಾದವರಿಗೆ ಫಿಟ್ಸ್ ಬಾರದಿರಲಿ ಎಂದು ಕೊಡುವ ಕೆಲವು ಮಾತ್ರೆಗಳೇ ಮೆದುಳಿನ ಸಕ್ಕರೆ ಬಳಕೆಯನ್ನು ತಗ್ಗಿಸುತ್ತವೆ.

ಇನ್ನು ನಮ್ಮ ಕೋಣೆಯ ಕಷ್ಟ. ರೋಗಿ ನಾಲ್ಕಾರು ಗಂಟೆ ಏನೂ ತಿಂದಿರಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಇಂಜೆಕ್ಷನ್ ಆದ ಮೇಲೆ ಮಂದ ಬೆಳಕಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಸುಮ್ನೆ ಇರಬೇಕು. ಮಾತಿಲ್ಲ, ಮೊಬೈಲ್ ಇಲ್ಲ. ತಲೆಪೆಟ್ಟಾಗಿ ಚಡಪಡಿಸುವವರನ್ನು ಹಾಗೆ ಕೂರಿಸಿ ನೋಡಿ! ಮಂಪರು ಬರಿಸುವ ಔಷಧ ಕೊಟ್ಟರೆ ಆ ಔಷಧವೇ ಚಿತ್ರವನ್ನು ಬದಲಿಸುತ್ತದೆ. ಎಫ್‌ಡಿಜಿಯಲ್ಲಿರುವ ಫ್ಲೋರಿನ್‌ನ ವಿಕಿರಣ ಸುಮಾರು 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ಔಷಧದ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ನಮ್ಮ ಇಡೀ ದಿನದ ಲೆಕ್ಕ ತಲೆಕೆಳಗಾಗುತ್ತದೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾವಾಗ ಮಾಡಿದ ಸ್ಕ್ಯಾನ್ ಎಂಬುದೂ ಮುಖ್ಯ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 1997ರಲ್ಲಿ ತೋರಿಸಿದ ಪ್ರಕಾರ, ತೀವ್ರ ಪೆಟ್ಟಾದ ಮೊದಲ ದಿನಗಳಲ್ಲಿ ಮೆದುಳು ಸಕ್ಕರೆಯನ್ನು ಕೆಲವೊಮ್ಮೆ ಜಾಸ್ತಿಯೇ ಸುಡುತ್ತದೆ. ಆಮೇಲೆ ವಾರಗಟ್ಟಲೆ ಬಳಕೆ ಇಳಿದಿರುತ್ತದೆ. ಹೀಗಾಗಿ ಒಬ್ಬರದೇ ಮೆದುಳು ಮೊದಲ ವಾರ ಒಂದು ಕಥೆ ಹೇಳಿ, ಎರಡನೇ ತಿಂಗಳು ಬೇರೆಯದೇ ಹೇಳಬಹುದು. ಇದನ್ನೆಲ್ಲ ತೂಗಿ ನೋಡಿಯೇ ಅಮೆರಿಕದ ರೇಡಿಯಾಲಜಿ ತಜ್ಞರು 2015ರಲ್ಲಿ ಒಂದು ಮಾತು ಹೇಳಿದರು. ಇಂಥ ಮುಂದುವರಿದ ಸ್ಕ್ಯಾನ್‌ಗಳು ಸಂಶೋಧನೆಯಲ್ಲಿ ಗುಂಪುಗಳನ್ನು ಹೋಲಿಸಲು ಉಪಯೋಗ, ಆದರೆ ಒಬ್ಬೊಬ್ಬ ರೋಗಿಗೂ ಮಾಮೂಲಿಯಾಗಿ ಬಳಸಲು ಪುರಾವೆ ಸಾಲದು ಎಂದು.

ಹಾಗಾದರೆ ಪೆಟ್ ಯಾರಿಗೆ? ಜೀವ ಉಳಿದು, ಕಣ್ಣು ಬಿಟ್ಟುಕೊಂಡು, ಕರೆದರೆ ತಿರುಗದೆ ತಿಂಗಳುಗಟ್ಟಲೆ ಮಲಗಿರುವವರ ಮನೆಯವರು ಇದನ್ನು ಓದಬೇಕು. ಬೆಲ್ಜಿಯಂನ ಲಿಯೇಜ್‌ನಲ್ಲಿ ಮೆದುಳಿಗೆ ತೀವ್ರ ಹಾನಿಯಾದ 126 ಜನರನ್ನು ಪೆಟ್ ಮತ್ತು ಫಂಕ್ಷನಲ್ ಎಂಆರ್‌ಐ (ಮೆದುಳಿನ ಕೆಲಸವನ್ನು ತೋರಿಸುವ ಎಂಆರ್‌ಐ) ಸ್ಕ್ಯಾನ್‌ಗಳಿಂದ ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಆದದ್ದು ಪೆಟ್ಟಲ್ಲ, ಬೇರೆ ಕಾರಣದವರೂ ಇದ್ದರು. ಹಾಸಿಗೆಯ ಪಕ್ಕದ ಪರೀಕ್ಷೆಯಲ್ಲಿ ಅರಿವಿನ ಸುಳಿವೇ ಸಿಗದ 41 ಜನರಲ್ಲಿ 13 ಜನರ ಮೆದುಳು ಒಂದಾದರೂ ಸ್ಕ್ಯಾನ್‌ನಲ್ಲಿ ಸ್ವಲ್ಪ ಅರಿವು ಇರಬಹುದು ಎಂಬಂತೆ ಕೆಲಸ ಮಾಡುತ್ತಿತ್ತು. ಆ 13ರಲ್ಲಿ 9 ಜನರಿಗೆ ಮುಂದೆ ಅರಿವು ಮರಳಿತು. ಈ ಕೆಲಸದಲ್ಲಿ ಪೆಟ್, ಫಂಕ್ಷನಲ್ ಎಂಆರ್‌ಐಗಿಂತ ಚೆನ್ನಾಗಿ ಗೆದ್ದಿತು. ಆದರೆ ಅದೂ ತಪ್ಪುವುದುಂಟು. ಮುಂದೇನಾಗುತ್ತದೆ ಎಂದು ಅದು ಸರಿಯಾಗಿ ಹೇಳಿದ್ದು 74% ಜನರಲ್ಲಿ. ಅಂದರೆ ಸುಮಾರು ನಾಲ್ಕರಲ್ಲಿ ಒಬ್ಬರ ವಿಷಯದಲ್ಲಿ ತಪ್ಪಿತು. 'ಇನ್ನು ಏನೂ ಆಗಲ್ಲ' ಎಂದು ಕೈಬಿಡುವ ಮುಂಚೆ ಕೇಳಬೇಕಾದ ಸ್ಕ್ಯಾನ್ ಇದು. ಕೈಬಿಡಲು ನೆಪವಾಗಿ ಬಳಸಬಾರದು.

ಅವರಿಗೂ ಸ್ಕ್ಯಾನ್‌ಗಿಂತ ಮೊದಲು ಆಗಬೇಕಾದ ಅಗ್ಗದ ಪರೀಕ್ಷೆ ಒಂದಿದೆ. ಕೋಮಾ ರಿಕವರಿ ಸ್ಕೇಲ್ ಎನ್ನುತ್ತಾರೆ. ಅದರ ಒಂದು ಭಾಗಕ್ಕೆ ಬೇಕಾಗುವುದು ಸಾಧಾರಣ ಕೈಗನ್ನಡಿ. ಮುಖದ ಮುಂದೆ ನಿಧಾನವಾಗಿ ಆಡಿಸಿ, ಕಣ್ಣು ಹಿಂಬಾಲಿಸುತ್ತದಾ ಎಂದು ನೋಡುತ್ತಾರೆ. 2009ರ ಒಂದು ಅಧ್ಯಯನದಲ್ಲಿ ವೈದ್ಯರ ತಂಡ ಒಮ್ಮತದಿಂದ 'ಅರಿವಿಲ್ಲ' ಎಂದಿದ್ದ 44 ಜನರಲ್ಲಿ 18 ಜನರಿಗೆ ಅರಿವಿನ ಲಕ್ಷಣ ಇದ್ದದ್ದು ಈ ಸ್ಕೇಲ್ ಹಿಡಿದು ಪರೀಕ್ಷಿಸಿದಾಗ ಗೊತ್ತಾಯಿತು. ಒಂದು ಸಲ ಮಾಡಿದರೆ ಸಾಲದು, ಬೇರೆ ಬೇರೆ ದಿನ ಹಲವು ಸಲ ಮಾಡಬೇಕು. 'ಈ ಪರೀಕ್ಷೆ ಎಷ್ಟು ಸಲ ಆಗಿದೆ?' ಎಂದು ಡಾಕ್ಟರರನ್ನು ಕೇಳಲು ಸಂಕೋಚ ಬೇಡ.

ಬೈಕ್‌ನಿಂದ ಬಿದ್ದು, ಸಿಟಿ ನಾರ್ಮಲ್ ಬಂದು, ತಿಂಗಳಾದರೂ ತಲೆನೋವು, ಮರೆವು, ಸಿಟ್ಟು ಹೋಗಿಲ್ಲ ಎನ್ನುವವರ ಕಷ್ಟ ಸುಳ್ಳಲ್ಲ. ಅವರಿಗೆ ಬೇಕಾದದ್ದು ನೆನಪು, ಗಮನ, ಯೋಚನೆಯ ವೇಗ ಇವನ್ನೆಲ್ಲ ಕೂರಿಸಿಕೊಂಡು ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ. ನಿಮ್ಹಾನ್ಸ್‌ನಲ್ಲಿ ಇದಕ್ಕೆ ತಜ್ಞರಿದ್ದಾರೆ. ಪರಿಹಾರದ ಕೇಸಿಗೆ ಬಣ್ಣಬಣ್ಣದ ಪೆಟ್ ಚಿತ್ರ ಇದ್ದರೆ ಗೆಲುವು ಎಂದು ಯಾರೋ ಹೇಳಿ ಕಳಿಸಿದವರೂ ನಮ್ಮಲ್ಲಿಗೆ ಬರುತ್ತಾರೆ. ಅಪಘಾತ ಪರಿಹಾರದ ಬಗ್ಗೆ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಎಂಬ ಗಾಯಾಳುವಿನ ಪ್ರಕರಣದಲ್ಲಿ ಹೇಳಿದ್ದು, ಆ ಅಂಗವೈಕಲ್ಯದಿಂದ ಆ ಮನುಷ್ಯನ ದುಡಿಮೆಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ನೋಡಬೇಕು ಎಂದು. ಲೆಕ್ಕ ಬರೆಯುವವನಿಗೆ ಲೆಕ್ಕ ಕೂಡಿಸಲು ಆಗುತ್ತಿಲ್ಲ ಎಂಬುದನ್ನು ನ್ಯೂರೋಸೈಕಾಲಜಿ ರಿಪೋರ್ಟ್ ನೇರವಾಗಿ ತೋರಿಸುತ್ತದೆ. ಸಾಲ ಮಾಡಿ ತೆಗೆಸಿದ ಪೆಟ್ ಚಿತ್ರ ಅದನ್ನು ತೋರಿಸುವುದಿಲ್ಲ. (ಬಿದ್ದ ಹೊಸದರಲ್ಲಿ ಪದೇ ಪದೇ ವಾಂತಿ, ಮಂಪರು, ಫಿಟ್ಸ್ ಇದ್ದರೆ ಇದ್ಯಾವುದನ್ನೂ ಯೋಚಿಸದೆ ತುರ್ತು ವಿಭಾಗಕ್ಕೆ ಓಡಿ.)

ಕೊನೆಗೆ ಒಂದು ವಿನಂತಿ. ನ್ಯೂರೋಸೈಕಾಲಜಿ ಪರೀಕ್ಷೆ ಮಾಡುವವರು ಬೆಂಗಳೂರಿನ ಆಚೆ ಯಾವ್ಯಾವ ಜಿಲ್ಲೆಯ ಸರ್ಕಾರಿ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಇದ್ದಾರೆ, ಯಾವ ದಿನ ಸಿಗುತ್ತಾರೆ ಎಂದು ನಿಮ್ಮ ಜಿಲ್ಲಾ ವರದಿಗಾರರಿಂದ ವಿಚಾರಿಸಿ ಒಂದು ಪಟ್ಟಿ ಪ್ರಕಟಿಸಿ. ಅದರ ಕಟಿಂಗನ್ನು ನಮ್ಮ ವಿಭಾಗದ ಬಾಗಿಲಿಗೆ ನಾನೇ ಅಂಟಿಸುತ್ತೇನೆ.

ಇಂತಿ,
ಪೆಟ್ ಸ್ಕ್ಯಾನ್ ಟೆಕ್ನಿಷಿಯನ್, ಬೆಂಗಳೂರು