ವಿಪ್ ಯಾರ ಕೈಯಲ್ಲಿದೆ? ಸಮಾಜವಾದಿ ಶಾಸಕರೊಬ್ಬರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನೀವು ಸಮಾಜವಾದಿ. ಗೆದ್ದದ್ದು ಮಾತ್ರ ಉದ್ಯಮಪತಿಗಳ ದೇಣಿಗೆಯಿಂದ ನಡೆಯುವ ದೊಡ್ಡ ಪಕ್ಷವೊಂದರ ಟಿಕೆಟ್ಟಿನಲ್ಲಿ. ನಿಮಗಾಗಿ ಮನೆಮನೆಗೆ ಕರಪತ್ರ ಹಂಚಿದ ಕಾರ್ಮಿಕ ಸಂಘದ ಸದಸ್ಯರಲ್ಲಿ ನಾನೂ ಒಬ್ಬ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆ ಸದನಕ್ಕೆ ಬಂದಾಗ ನೀವು ಅದರ ವಿರುದ್ಧ ಅರ್ಧ ಗಂಟೆ ಮಾತನಾಡಿ, ಕೊನೆಗೆ ಪಕ್ಷದ ವಿಪ್‌ಗೆ, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶಕ್ಕೆ, ಮಣಿದು ಅದರ ಪರವಾಗಿಯೇ ಮತ ಹಾಕಿದಿರಿ. ಅಂದಿನಿಂದ ಈ ಪತ್ರ ಮನಸ್ಸಿನಲ್ಲೇ ಇತ್ತು.

ಇದನ್ನು ನಿಮ್ಮೊಬ್ಬರ ದೌರ್ಬಲ್ಯ ಎನ್ನಲಾರೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಿಮ್ಮ ಪಕ್ಷ ಯಾರ ಮನೆಯಲ್ಲಿ ಉಣ್ಣುತ್ತಿದೆ ಎಂಬುದು ಇಬ್ಬರಿಗೂ ಗೊತ್ತು.

ಈ ಇಕ್ಕಟ್ಟು ಹೊಸದಲ್ಲ. ಬ್ರಿಟನ್ನಿನ ಸಂಸತ್ತಿನಲ್ಲಿ 1874ರಿಂದಲೇ ಗಣಿಕಾರ್ಮಿಕರ ನಾಯಕರಿದ್ದರು. ಪ್ರಾಮಾಣಿಕರೇ. ಆದರೆ ಕುಳಿತದ್ದು ಲಿಬರಲ್ ಪಕ್ಷದ ಸಾಲಿನಲ್ಲಿ. 1900ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಸೇರಿದ ಸಂಘಗಳ ಮತ್ತು ಸಮಾಜವಾದಿ ಸಂಘಟನೆಗಳ 129 ಪ್ರತಿನಿಧಿಗಳು ಗಣಿಕಾರ್ಮಿಕ ನಾಯಕ ಕೀರ್ ಹಾರ್ಡಿ ಮಂಡಿಸಿದ ನಿರ್ಣಯವನ್ನು ಒಪ್ಪಿದರು: ಸಂಸತ್ತಿನಲ್ಲಿ ಕಾರ್ಮಿಕರದೇ ಪ್ರತ್ಯೇಕ ಗುಂಪು ಇರಬೇಕು, ಅದಕ್ಕೆ ಅದರದೇ ವಿಪ್ ಇರಬೇಕು. ಮುಂದೆ ಲೇಬರ್ ಪಕ್ಷ ಎನಿಸಿದ ಆ ಗುಂಪು ಆ ವರ್ಷ ಗೆದ್ದದ್ದು ಎರಡೇ ಸ್ಥಾನ. ಮರುವರ್ಷ ಟಾಫ್ ವೇಲ್ ಎಂಬ ರೈಲ್ವೆ ಕಂಪನಿಯ ಪ್ರಕರಣದಲ್ಲಿ ಮುಷ್ಕರದ ನಷ್ಟವನ್ನು ಸಂಘವೇ ತುಂಬಿಕೊಡಬೇಕೆಂಬ ತೀರ್ಪು ಬಂತು; ರೈಲ್ವೆ ಕಾರ್ಮಿಕರ ಸಂಘದ ಮೇಲೆ 23,000 ಪೌಂಡ್ ಪರಿಹಾರದ ಹೊರೆ ಬಿತ್ತು. ಅಲ್ಲಿಯವರೆಗೆ ದೂರ ನಿಂತಿದ್ದ ಸಂಘಗಳು ಒಂದೊಂದಾಗಿ ಒಳಬಂದವು. 1906ರಲ್ಲಿ ಗೆದ್ದವರು 29 ಮಂದಿ. ಈ ಗೆಲುವಿನ ಹಿಂದೆ 1903ರಲ್ಲಿ ಲಿಬರಲ್ಲರ ಜೊತೆ ಗುಟ್ಟಾಗಿ ಮಾಡಿಕೊಂಡ ಸೀಟು ಹೊಂದಾಣಿಕೆಯೂ ಇತ್ತು, ಮುಚ್ಚಿಡುವುದಿಲ್ಲ. ಗುಟ್ಟು ನನಗೆ ಒಪ್ಪಿಗೆಯಲ್ಲ. ಆದರೂ ಸೀಟು ಹಂಚಿಕೊಳ್ಳುವುದೇ ಬೇರೆ, ಇನ್ನೊಬ್ಬರ ವಿಪ್‌ಗೆ ಕೊರಳೊಡ್ಡುವುದೇ ಬೇರೆ.

ಅಂಬೇಡ್ಕರ್ 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಎರಡು ವರ್ಷದಲ್ಲಿ ಮುಂಬಯಿ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರವೇ ಮುಷ್ಕರಕ್ಕೆ ಕಡಿವಾಣ ಹಾಕುವ ಕೈಗಾರಿಕಾ ವಿವಾದ ಮಸೂದೆ ತಂದಿತು. ಅವರ ಪಕ್ಷ ಸದನದೊಳಗೆ ಅದನ್ನು ವಿರೋಧಿಸಿ, 1938ರ ನವೆಂಬರ್ 7ರಂದು ಕಮ್ಯುನಿಸ್ಟರೊಂದಿಗೆ ಕೂಡಿ ಒಂದು ದಿನದ ಮುಷ್ಕರಕ್ಕೂ ಇಳಿಯಿತು. ಮಸೂದೆ ಕಾನೂನಾಯಿತು, ನಿಜ. ಆದರೆ ಸೋತ ಮರುದಿನ ಕಾರ್ಮಿಕರ ಮುಖ ನೋಡಲು ಆ ಶಾಸಕರು ನಾಚಬೇಕಾಗಿರಲಿಲ್ಲ.

ಕಾರ್ಮಿಕರು ಪ್ರತ್ಯೇಕವಾಗಿ ನಿಂತರೆ ಮತ ಒಡೆಯುತ್ತದೆ, ಇನ್ನೂ ಕೆಟ್ಟವರು ಗೆಲ್ಲುತ್ತಾರೆ ಎಂದು ನೀವು ಹೇಳುವಿರಿ. ಆ ಭಯ ನನಗೂ ಇದೆ. ಮಿಲಿಟರಿ ಆಡಳಿತದ ಬ್ರೆಜಿಲ್‌ನಲ್ಲಿ 1980ರಲ್ಲಿ ಕಾರ್ಮಿಕರ ಪಕ್ಷ ಹುಟ್ಟಿದಾಗಲೂ ವಿರೋಧ ಪಕ್ಷದವರು ಇದನ್ನೇ ಹೇಳಿದರು. 1982ರ ಸಾವೊ ಪಾಲೊ ಗವರ್ನರ್ ಚುನಾವಣೆಯಲ್ಲಿ ಆ ಪಕ್ಷದ ನಾಯಕ ಲುಲಾ ನಾಲ್ಕನೆಯವರಾದರು. ಆದರೂ ಲೋಹ ಕಾರ್ಖಾನೆಗಳ ಮುಷ್ಕರದಲ್ಲಿ ಪಳಗಿದವರು ಪಕ್ಷ ಬಿಡಲಿಲ್ಲ. 2002ರಲ್ಲಿ ಅಧ್ಯಕ್ಷ ಪದವಿ ಬಂತು. ಮುಂದೆ ಅದೇ ಪಕ್ಷ ಹಣದ ಹಗರಣಗಳಲ್ಲಿ ಸಿಲುಕಿದ್ದು ನನಗೆ ಇಂದಿಗೂ ನೋವಿನ ವಿಷಯ. ಆದ್ದರಿಂದಲೇ ಹಣದ ಮಾತನ್ನು ಮೊದಲ ದಿನವೇ ಆಡಬೇಕು ಎನ್ನುತ್ತೇನೆ: ಸದಸ್ಯರ ಚಂದಾ, ಸಂಘಗಳ ಕೊಡುಗೆ, ಎಲ್ಲರಿಗೂ ತೆರೆದಿಟ್ಟ ಲೆಕ್ಕ. 1871ರಲ್ಲಿ ಪ್ಯಾರಿಸ್‌ನ ದುಡಿಯುವ ಜನ ಕೆಲಕಾಲ ನಡೆಸಿದ ಸರ್ಕಾರವಾದ ಪ್ಯಾರಿಸ್ ಕಮ್ಯೂನ್ ಅಧಿಕಾರಿಗಳ ಸಂಬಳಕ್ಕೆ ವರ್ಷಕ್ಕೆ 6,000 ಫ್ರಾಂಕ್‌ಗಳ ಮಿತಿ ಹಾಕಿತ್ತು. ನೀವೂ ನುರಿತ ಕಾರ್ಮಿಕರೊಬ್ಬರ ಕೂಲಿಯಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮುಷ್ಕರ ನಿಧಿಗೆ ಕೊಡಿ.

ನಮ್ಮ ಎಡಪಂಥೀಯರ ತಪ್ಪೂ ಇದೆ. ಹೆಸರು, ಬಾವುಟ, ಪ್ರಣಾಳಿಕೆ ಎಲ್ಲ ಸಿದ್ಧವಾದ ಮೇಲೆ ಕಾರ್ಮಿಕರನ್ನು ಹುಡುಕಿಕೊಂಡು ಹೋಗುವ ಪಕ್ಷಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ನಾಳೆಯೇ ರಾಜೀನಾಮೆ ಕೊಡಿ ಎಂದು ಕೇಳುವುದಿಲ್ಲ. ಸಂಘಗಳು, ಗುತ್ತಿಗೆ ಕಾರ್ಮಿಕರು, ಮನೆಗೆಲಸದವರು, ಬಾಡಿಗೆದಾರರು ತಾವೇ ಆರಿಸಿ ಕಳಿಸಿದ ಪ್ರತಿನಿಧಿಗಳ ಸಮಾವೇಶ ಕರೆಯಿರಿ. ಮುಂದಿನ ಕಾರ್ಮಿಕ ಮಸೂದೆಗೆ ಹೇಗೆ ಮತ ಹಾಕಬೇಕೆಂದು ಅದೇ ತೀರ್ಮಾನಿಸಲಿ. ಪಕ್ಷದ ವಿಪ್ ಬೇರೆ ಹೇಳಿದರೆ ಸಮಾವೇಶದ ಮಾತನ್ನೇ ಕೇಳಿರಿ. ಉಚ್ಚಾಟಿಸಿದರೆ, ಸದಸ್ಯತ್ವವೇ ಹೋದರೆ, ಆ ಸಮಾವೇಶದ ಅಭ್ಯರ್ಥಿಯಾಗಿ ಮತ್ತೆ ನಿಲ್ಲಿರಿ.

ಕರಪತ್ರ ಅಚ್ಚು ಹಾಕಿಸುವ, ಕುರ್ಚಿ ಜೋಡಿಸುವ, ಪಾಳಿ ಮುಗಿಸಿ ಬರುವವರಿಗೆ ಊಟದ ವ್ಯವಸ್ಥೆ ಮಾಡುವ ಕೆಲಸ ನಮ್ಮದು. ದಿನಾಂಕ ಮಾತ್ರ ನೀವು ತಿಳಿಸಿ.

ಇತಿ,
ನಿಮಗೆ ಮತ ಹಾಕಿದ ಕಾರ್ಮಿಕ